ಕಾರಿನ ಬಣ್ಣದ ಮೇಲಿನ ತೆಳು ಸ್ವರ್ಲ್ ಗೀರುಗಳಿಗೆ ಯಾವ ಪಾಲಿಶಿಂಗ್ ಯಂತ್ರ ಸೂಕ್ತ?

ಕಡುಗಪ್ಪು

ಎಲ್ಲರಿಗೂ ನಮಸ್ಕಾರ. ನಮ್ಮದು ಕಪ್ಪು ಬಣ್ಣದ ಸೆಡಾನ್. ನೆರಳಿನಲ್ಲಿ ನಿಲ್ಲಿಸಿದಾಗ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ಆದರೆ ಇಳಿಬಿಸಿಲು ಬಾನೆಟ್ ಮೇಲೆ ಓರೆಯಾಗಿ ಬಿದ್ದಾಗ ಅಥವಾ ರಾತ್ರಿ ಮೊಬೈಲ್ ಟಾರ್ಚ್ ಹಿಡಿದಾಗ, ಬೆಳಕಿನ ಬಿಂಬದ ಸುತ್ತ ಜೇಡರ ಬಲೆ ಹೆಣೆದಂತೆ ಸಣ್ಣ ಗೀರುಗಳು, ಅಂದರೆ ಸ್ವರ್ಲ್‌ಗಳು, ಎದ್ದು ಕಾಣುತ್ತವೆ. ಉಗುರಿನಿಂದ ಮೆಲ್ಲಗೆ ಎಳೆದು ನೋಡಿದರೆ ಯಾವ ಗೀರೂ ಉಗುರಿಗೆ ಸಿಗುವುದಿಲ್ಲ. ಕೈಯಿಂದ ಪಾಲಿಶ್ ಹಚ್ಚಿ ಉಜ್ಜಿದಾಗ ಹೊಳಪು ಸ್ವಲ್ಪ ಹೆಚ್ಚಿತೇ ಹೊರತು ಗೀರುಗಳು ಹೋಗಲಿಲ್ಲ. ಆದ್ದರಿಂದ ಒಂದು ಪಾಲಿಶಿಂಗ್ ಯಂತ್ರ ಕೊಳ್ಳಬೇಕೆಂದಿದ್ದೇನೆ.

ಹುಡುಕಿದಷ್ಟೂ ಗೊಂದಲ ಹೆಚ್ಚುತ್ತಿದೆ. ರೋಟರಿ ಒಂದು ಬಗೆ, ಡ್ಯುಯಲ್ ಆ್ಯಕ್ಷನ್ ಇನ್ನೊಂದು ಬಗೆ; ಅದರಲ್ಲಿಯೂ 8, 12, 15, 21 ಮಿ.ಮೀ. ಥ್ರೋ ಎಂಬ ವಿಂಗಡಣೆ. ಸಾಲದ್ದಕ್ಕೆ ಗೇರ್ ಮೂಲಕ ತಿರುಗುವ ಬಗೆಯೂ ಇದೆಯಂತೆ. ವ್ಯಾಟ್ ಲೆಕ್ಕವೂ ಒಂದೊಂದರಲ್ಲಿ ಒಂದೊಂದು. ಮನೆಯ ಕಾರುಗಳಿಗೆ ಆಗೊಮ್ಮೆ ಈಗೊಮ್ಮೆ ಬಳಸುವವನು ನಾನು. ಇಂಥ ಯಂತ್ರ ಹಿಡಿದ ಅನುಭವವಿಲ್ಲ. ಬಣ್ಣ ಸುಟ್ಟುಹೋಗುವ ಅಪಾಯ ಕಡಿಮೆ ಇರಬೇಕು, ಕೆಲಸವೂ ಆಗಬೇಕು. ಬಲ್ಲವರು ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಮೆರುಗು

ಉಗುರಿಗೆ ಸಿಗದ ಗೀರುಗಳು ಎಂದು ನೀವೇ ಪರೀಕ್ಷಿಸಿ ಹೇಳಿರುವುದು ಒಳ್ಳೆಯದಾಯಿತು. ಅಂಥವು ಕ್ಲಿಯರ್ ಕೋಟ್‌ನ, ಅಂದರೆ ಬಣ್ಣದ ಮೇಲಿರುವ ಪಾರದರ್ಶಕ ಪದರದ, ಮೇಲ್ಭಾಗದಲ್ಲೇ ಇರುತ್ತವೆ. ಹದವಾಗಿ ಪಾಲಿಶ್ ಮಾಡಿದರೆ ಹೋಗುತ್ತವೆ. ಅಂದ ಹಾಗೆ ಅವು ವೃತ್ತಾಕಾರದ ಗೀರುಗಳಲ್ಲ. ಒರೆಸುವ ಬಟ್ಟೆಯಲ್ಲಿ ಸಿಕ್ಕಿಕೊಂಡ ಧೂಳಿನ ಕಣಗಳು ಎಲ್ಲ ದಿಕ್ಕುಗಳಲ್ಲೂ ನೇರ ಗೀರುಗಳನ್ನೇ ಎಳೆದಿರುತ್ತವೆ. ಅವುಗಳಲ್ಲಿ ಬೆಳಕಿನ ದಿಕ್ಕಿಗೆ ಅಡ್ಡವಾಗಿರುವವು ಮಾತ್ರ ಬೆಳಕನ್ನು ನಮ್ಮ ಕಣ್ಣಿನತ್ತ ಮರಳಿಸುವುದರಿಂದ, ಬಿಂಬದ ಸುತ್ತ ಸುತ್ತುಸುತ್ತಾಗಿ ಕಾಣುತ್ತವೆ. ದೀಪವನ್ನು ಸರಿಸಿದರೆ ಸುತ್ತುಗಳೂ ದೀಪದ ಜೊತೆಗೇ ಸರಿಯುವುದನ್ನು ಗಮನಿಸಿ.

ಯಂತ್ರದ ಮಾತಿಗೆ ಬರುವ ಮುನ್ನ ಒಂದು ವಿಷಯ ಮನಸ್ಸಿನಲ್ಲಿರಲಿ. ಪಾಲಿಶ್ ಮಾಡುವುದೆಂದರೆ ಗೀರನ್ನು ತುಂಬುವುದಲ್ಲ. ಗೀರಿನ ತಳದ ಮಟ್ಟಕ್ಕೆ ಬರುವವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನು ಸವೆಸುವುದು. ಕಾರ್ಖಾನೆಯಿಂದ ಬಂದ ಬಣ್ಣದ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ ಇರುತ್ತವೆ. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 35ರಿಂದ 50 ಮೈಕ್ರಾನ್. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ರಾಸಾಯನಿಕಗಳು ಈ ಪದರದಲ್ಲಿರುತ್ತವೆ. ಅದನ್ನು ಅತಿಯಾಗಿ ಸವೆಸಿದರೆ ಇಂದು ಹೊಳೆಯುವ ಬಾನೆಟ್ ಕೆಲವು ವರ್ಷಗಳ ನಂತರ ಬಿಳಿಚಿ ಹೊಪ್ಪಳಿಕೆ ಏಳಬಹುದು. ಸವೆದ ಕ್ಲಿಯರ್ ಕೋಟ್ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಯಾವ ಯಂತ್ರ ಹೆಚ್ಚು ಕೊರೆಯುತ್ತದೆ ಎಂದು ನೋಡಬೇಡಿ. ನಿಮ್ಮ ಗೀರು ಹೋಗುವಷ್ಟು ಮಾತ್ರ ಸವೆಸಿ, ನುಣುಪಾಗಿ ಮುಗಿಸುವ ಯಂತ್ರ ಯಾವುದು ಎಂದು ನೋಡಿ.

ಈಗ ಚಲನೆಯ ವಿಚಾರ. ರೋಟರಿಯಲ್ಲಿ ಪ್ಯಾಡ್ ಒಂದೇ ಅಕ್ಷದ ಸುತ್ತ ತಿರುಗುತ್ತದೆ. 150 ಮಿ.ಮೀ. ಪ್ಯಾಡ್ ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದ್ದರೆ ಅದರ ಅಂಚು ನಿಮಿಷಕ್ಕೆ ಸುಮಾರು 700 ಮೀಟರ್ ವೇಗದಲ್ಲಿ ಬಣ್ಣದ ಮೇಲೆ ಓಡುತ್ತದೆ. ನಡುಭಾಗ ಮಾತ್ರ ನಿಂತಲ್ಲೇ ಇರುತ್ತದೆ. ಅಂದರೆ ಕೆಲಸವೂ ಬಿಸಿಯೂ ಅಂಚಿನಲ್ಲೇ ಸೇರುತ್ತವೆ. ಕೈ ಸ್ವಲ್ಪ ಓರೆಯಾದರೂ ಆ ಜಾಗ ಬಿಸಿಯೇರುತ್ತದೆ, ಒಂದೇ ದಿಕ್ಕಿನ ಗೀರುಗಳು ಬಿದ್ದು, ಬೆಳಕಿನಲ್ಲಿ ಪಟ್ಟೆಪಟ್ಟೆಯಾಗಿ ಮಿನುಗುವ ಹಾಲೊಗ್ರಾಮ್ ಎಂಬ ಗುರುತು ಮೂಡುತ್ತದೆ. ಡ್ಯುಯಲ್ ಆ್ಯಕ್ಷನ್ ಯಂತ್ರದಲ್ಲಿ ಹಾಗಲ್ಲ. ಅಲ್ಲಿ ಇಡೀ ಪ್ಯಾಡ್ ಒಂದು ಸಣ್ಣ ಕಕ್ಷೆಯಲ್ಲಿ ಸುತ್ತುತ್ತಾ, ಜೊತೆಗೆ ತನ್ನ ಅಕ್ಷದ ಮೇಲೆ ನಿಧಾನವಾಗಿ ತಿರುಗುತ್ತದೆ. ಆ ಕಕ್ಷೆಯ ವ್ಯಾಸವೇ ಥ್ರೋ. 15 ಮಿ.ಮೀ. ಥ್ರೋ ಇರುವ ಯಂತ್ರ ನಿಮಿಷಕ್ಕೆ 4,500 ಸಲ ಕಕ್ಷೆ ಸುತ್ತಿದರೆ ಪ್ಯಾಡಿನ ಪ್ರತಿಯೊಂದು ಬಿಂದುವೂ ಆ ಚಲನೆಯಿಂದ ನಿಮಿಷಕ್ಕೆ ಸುಮಾರು 210 ಮೀಟರ್ ದಾರಿ ಸವೆಸುತ್ತದೆ. 8 ಮಿ.ಮೀ. ಯಂತ್ರ 6,000 ಸಲ ಸುತ್ತಿದರೂ ಅದು ಸುಮಾರು 150 ಮೀಟರ್. ನಡುವಿಗೂ ಅಂಚಿಗೂ ಈ ಕೆಲಸ ಸಮನಾಗಿ ಹಂಚಿಹೋಗುವುದರಿಂದ ಒಂದೇ ಜಾಗದಲ್ಲಿ ಬಿಸಿ ಕೂಡುವ ಅಪಾಯ ಬಹಳ ಕಡಿಮೆ.

ಹೊಸಬರಿಗೆ, ಅದೂ ತೆಳು ಗೀರುಗಳಿಗೆ, ಮುಕ್ತವಾಗಿ ತಿರುಗುವ ಡ್ಯುಯಲ್ ಆ್ಯಕ್ಷನ್ ಯಂತ್ರವೇ ಸರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಥ್ರೋ ಎಷ್ಟಿರಬೇಕು ಎಂಬುದು ಕಾರಿನ ಆಕಾರವನ್ನು ಅವಲಂಬಿಸಿದೆ; ಅದನ್ನು ಮುಂದೆ ಬರೆಯುತ್ತೇನೆ.

ತಿರುಗಣಿ

ಮೆರುಗು ಅವರ ಮಾತಿನ ಬಹುಪಾಲನ್ನು ಒಪ್ಪುತ್ತೇನೆ, ಆದರೆ ರೋಟರಿಯನ್ನು ಇಷ್ಟು ಬೇಗ ಪಕ್ಕಕ್ಕೆ ಸರಿಸುವುದು ನ್ಯಾಯವಲ್ಲ. ವೃತ್ತಿಯಿಂದ ಇದೇ ಕೆಲಸ ಮಾಡುವ ನನ್ನಂಥವರಿಗೆ ರೋಟರಿ ಇಂದಿಗೂ ಬೇಕು. ಸ್ಯಾಂಡಿಂಗ್ ಮಾಡಿದ (ಮರಳುಕಾಗದದಿಂದ ಉಜ್ಜಿದ) ಗುರುತುಗಳನ್ನು ತೆಗೆಯಲು, ಗಟ್ಟಿಯಾದ ಕ್ಲಿಯರ್ ಕೋಟ್‌ನ ಆಳವಾದ ಗೀರುಗಳಿಗೆ, ಕಿರಿದಾದ ಜಾಗಗಳಿಗೆ ಅದರಷ್ಟು ಹಿಡಿತ ಕೊಡುವ ಯಂತ್ರ ಇನ್ನೊಂದಿಲ್ಲ. ಒತ್ತಿದರೂ ನಿಲ್ಲುವುದಿಲ್ಲ, ಕಂಪನವೂ ಕಡಿಮೆ. ದಿನವಿಡೀ ಯಂತ್ರ ಹಿಡಿಯುವವರ ಬೆರಳುಗಳಿಗೆ ಇದು ಸಣ್ಣ ವಿಷಯವಲ್ಲ. ಐರೋಪ್ಯ ಒಕ್ಕೂಟದ 2002ರ ನಿರ್ದೇಶನದ ಪ್ರಕಾರ, ಎಂಟು ಗಂಟೆಗಳ ಲೆಕ್ಕದಲ್ಲಿ ಕೈಗೆ ತಗಲುವ ಕಂಪನ ಸೆಕೆಂಡ್ ವರ್ಗಕ್ಕೆ 2.5 ಮೀಟರ್ ದಾಟಿದರೆ ಉದ್ಯೋಗದಾತ ಕ್ರಮ ಕೈಗೊಳ್ಳಬೇಕು. 5 ಮೀಟರ್ ದಾಟುವಂತೆಯೇ ಇಲ್ಲ. ಯಂತ್ರದ ಕಂಪನದ ಅಂಕಿಯನ್ನು ಅದರ ಕೈಪಿಡಿಯಲ್ಲಿ ಮುದ್ರಿಸಿರುತ್ತಾರೆ. ಕೊಳ್ಳುವ ಮುನ್ನ ಅದನ್ನೊಮ್ಮೆ ನೋಡಿ. ವ್ಯಾಟ್ ನೋಡುವುದಕ್ಕಿಂತ ಅದು ಉಪಯುಕ್ತ.

ಆದರೂ ಕಡುಗಪ್ಪು ಅವರ ಪ್ರಶ್ನೆಗೆ ನನ್ನ ಉತ್ತರ ರೋಟರಿ ಅಲ್ಲ. ಕಪ್ಪು ಬಣ್ಣದ ಮೇಲೆ ರೋಟರಿಯಿಂದ ಹಾಲೊಗ್ರಾಮ್ ಇಲ್ಲದಂತೆ ಮುಗಿಸಲು ಪಳಗಿದ ಕೈ ಬೇಕು. ರೋಟರಿಯಿಂದ ಕೊರೆದ ಮೇಲೂ ನಾವು ಕೊನೆಯ ಸುತ್ತನ್ನು ಡ್ಯುಯಲ್ ಆ್ಯಕ್ಷನ್‌ನಲ್ಲೇ ಮಾಡುತ್ತೇವೆ. ನಿಮಗೆ ಮೊದಲ ಸುತ್ತೇ ಬೇಕಿಲ್ಲದಿರುವಾಗ ಎರಡನೆಯ ಯಂತ್ರವೊಂದೇ ಸಾಕು.

ಇನ್ನೊಂದು ಎಚ್ಚರಿಕೆ: ಆ್ಯಂಗಲ್ ಗ್ರೈಂಡರ್‌ಗೆ ಸ್ಪಂಜಿನ ಪ್ಯಾಡ್ ಸಿಕ್ಕಿಸಿ ಪಾಲಿಶ್ ಮಾಡಬಹುದೆಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಸಾಧಾರಣ ಗ್ರೈಂಡರ್ ನಿಮಿಷಕ್ಕೆ 10,000 ಸುತ್ತುಗಳನ್ನೂ ಮೀರುತ್ತದೆ. ಪಾಲಿಶಿಂಗ್ ರೋಟರಿ ಕೆಲಸ ಮಾಡುವುದು 600ರಿಂದ 2,000ದ ಆಸುಪಾಸಿನಲ್ಲಿ. ಗ್ರೈಂಡರ್‌ನ ವೇಗದಲ್ಲಿ ಬಣ್ಣ ಸುಡುವುದಷ್ಟೇ ಅಲ್ಲ, ಪ್ಯಾಡ್ ಹರಿದು ಮುಖಕ್ಕೆ ಬಡಿಯಬಹುದು.

ಮೆರುಗು

ತಿರುಗಣಿ ಅವರು ಕಂಪನದ ವಿಷಯ ಎತ್ತಿದ್ದು ಬಹಳ ಒಳ್ಳೆಯದಾಯಿತು. ಈಗ ಥ್ರೋ ವಿಚಾರ.

ಮುಕ್ತವಾಗಿ ತಿರುಗುವ ಯಂತ್ರದಲ್ಲಿ ಪ್ಯಾಡ್ ತಿರುಗುವುದಕ್ಕೆ ಗೇರ್ ಇಲ್ಲ. ಕಕ್ಷೆಯ ಚಲನೆಯಿಂದ ಹುಟ್ಟುವ ಬಲಕ್ಕೆ ಬೇರಿಂಗ್ ಮೇಲೆ ಅದು ತಾನಾಗಿಯೇ ತಿರುಗುತ್ತದೆ. ಪ್ಯಾಡಿನ ಒಂದು ಬದಿಗೆ ಹೆಚ್ಚು ಒತ್ತಡ ಬಿದ್ದರೆ, ಇಲ್ಲವೇ ಉಬ್ಬಿದ ಜಾಗದಲ್ಲಿ ಪ್ಯಾಡ್ ಪೂರ್ತಿ ಕೂರದಿದ್ದರೆ, ತಿರುಗುವಿಕೆ ನಿಂತು ಬರೀ ಅದುರುವಿಕೆ ಉಳಿಯುತ್ತದೆ. ಆಗ ಗೀರು ಹೋಗುವುದು ಬಹುತೇಕ ನಿಂತಂತೆಯೇ. ಇದು ನಿಮ್ಮ ಬಣ್ಣವನ್ನು ಕಾಯುವ ಗುಣವೂ ಹೌದು, ಕೆಲಸ ಕೆಡಿಸುವ ಗುಣವೂ ಹೌದು. ಹೊಸ ಯಂತ್ರ ಬಂದ ಕೂಡಲೇ, ಪ್ಯಾಡ್ ಅಂಟಿಸುವ ಬಿಲ್ಲೆಯಾದ ಬ್ಯಾಕಿಂಗ್ ಪ್ಲೇಟ್‌ನ ಅಂಚಿಗೆ ಕಪ್ಪು ಮಾರ್ಕರ್‌ನಿಂದ ಒಂದು ದಪ್ಪ ಗೆರೆ ಎಳೆದುಕೊಳ್ಳಿ. ಯಂತ್ರ ಓಡುವಾಗ ಆ ಗೆರೆ ನಿಧಾನವಾಗಿ ಸುತ್ತುವುದು ಕಂಡರೆ ಕೆಲಸ ನಡೆಯುತ್ತಿದೆ. ಗೆರೆ ಒಂದೇ ಕಡೆ ನಿಂತು ನಡುಗಿದರೆ ಒತ್ತಡ ಕಡಿಮೆ ಮಾಡಿ, ಕೈಯ ಕೋನ ಸರಿಪಡಿಸಿ. ಯಾವ ಕೈಪಿಡಿಯೂ ಕಲಿಸುವುದಕ್ಕಿಂತ ಹೆಚ್ಚನ್ನು ಈ ಗೆರೆ ಕಲಿಸುತ್ತದೆ.

ಥ್ರೋ ಹೆಚ್ಚಿದಷ್ಟೂ ಚಪ್ಪಟೆ ಜಾಗದಲ್ಲಿ ಕೆಲಸ ಬೇಗ ಸಾಗುತ್ತದೆ, ಚಲನೆ ನಯವಾಗಿರುತ್ತದೆ; ಆದರೆ ಉಬ್ಬುತಗ್ಗುಗಳಲ್ಲಿ ಪ್ಯಾಡ್ ಬೇಗ ನಿಲ್ಲುತ್ತದೆ. ಉದಾಹರಣೆಗೆ ಇಟಲಿಯ ರೂಪೆಸ್ ಸಂಸ್ಥೆಯ ಬಿಗ್‌ಫೂಟ್ ಸರಣಿಯಲ್ಲಿ ಎಲ್‌ಎಚ್‌ಆರ್ 15 ಎಂಬುದಕ್ಕೆ 15 ಮಿ.ಮೀ. ಥ್ರೋ, ಎಲ್‌ಎಚ್‌ಆರ್ 21 ಎಂಬುದಕ್ಕೆ 21 ಮಿ.ಮೀ. ಥ್ರೋ. ಮೊದಲನೆಯದು 125 ಮಿ.ಮೀ. ಪ್ಲೇಟಿನದು, ಎರಡನೆಯದು 150 ಮಿ.ಮೀ. ಪ್ಲೇಟಿನದು. ಎತ್ತರದ ವಾಹನಗಳ ದೊಡ್ಡ ಬಾನೆಟ್ಟು, ಟಾಪು, ಅಗಲವಾದ ಬಾಗಿಲುಗಳಿಗೆ 21 ಮಿ.ಮೀ. ಯಂತ್ರ ಹೇಳಿ ಮಾಡಿಸಿದ್ದು. ಸೆಡಾನ್‌ನ ಫೆಂಡರ್, ಡಿಕ್ಕಿಯ ತುದಿ, ಬಂಪರಿನ ತಿರುವುಗಳಲ್ಲಿ ಅದೇ ಯಂತ್ರ ಮತ್ತೆ ಮತ್ತೆ ನಿಂತು ಸಹನೆ ಕೆಡಿಸುತ್ತದೆ. ಹಳೆಯ 8 ಮಿ.ಮೀ. ಯಂತ್ರಗಳು ತಿರುವುಗಳಲ್ಲಿ ಚೆನ್ನಾಗಿ ನಡೆಯುತ್ತವೆ, ನುಣುಪಾಗಿಯೂ ಮುಗಿಸುತ್ತವೆ. ಸಮಯ ಮಾತ್ರ ಹೆಚ್ಚು ಬೇಕು. ಒಂದೇ ಯಂತ್ರ ಕೊಳ್ಳುವವರಿಗೆ 12 ಅಥವಾ 15 ಮಿ.ಮೀ. ಥ್ರೋ, 125 ಮಿ.ಮೀ. ಪ್ಲೇಟ್ ಒಳ್ಳೆಯ ನಡುದಾರಿ.

ಗೇರ್‌ನಿಂದ ತಿರುಗುವ ಬಗೆಯನ್ನೂ ಕೇಳಿದ್ದಿರಿ. ಜರ್ಮನಿಯ ಫ್ಲೆಕ್ಸ್ ಸಂಸ್ಥೆಯ ಎಕ್ಸ್‌ಸಿ 3401 ಇದಕ್ಕೆ ಹೆಸರಾದ ಯಂತ್ರ. ಥ್ರೋ 8 ಮಿ.ಮೀ. ಇದ್ದರೂ ಪ್ಯಾಡ್ ಎಲ್ಲಿಯೂ ನಿಲ್ಲುವುದಿಲ್ಲ. ತಿರುವುಗಳಲ್ಲಿ ಅದರ ಬಲ ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ತಪ್ಪು ಕೋನದಲ್ಲಿ ಹಿಡಿದಾಗ ತಾನಾಗಿ ನಿಂತು ಎಚ್ಚರಿಸುವ ಗುಣ ಅದಕ್ಕಿಲ್ಲ, ಯಂತ್ರ ಕೈಯನ್ನು ಆಚೀಚೆ ಎಳೆಯುವುದೂ ಉಂಟು. ತೆಳು ಗೀರುಗಳಿಗೆ ಅಷ್ಟು ಬಲ ಅನಗತ್ಯ.

ಕಡುಗಪ್ಪು

ಇಷ್ಟು ವಿವರವಾಗಿ ಬರೆದದ್ದಕ್ಕೆ ಇಬ್ಬರಿಗೂ ಕೃತಜ್ಞತೆಗಳು. ಮೂರು ಸಣ್ಣ ಅನುಮಾನಗಳು ಉಳಿದಿವೆ. ಎರಡೂ ಕೈಯಲ್ಲಿ ಹಿಡಿಯುವ, ಟೋಪಿಯಂತೆ ಬಟ್ಟೆ ತೊಡಿಸುವ ಅಗಲವಾದ ವ್ಯಾಕ್ಸಿಂಗ್ ಯಂತ್ರಗಳು ಕಡಿಮೆ ಬೆಲೆಗೆ ಸಿಗುತ್ತವೆ. ಅವುಗಳಿಂದ ಈ ಕೆಲಸ ಆಗುವುದೇ? ಮನೆಯಲ್ಲಿರುವ ಡ್ರಿಲ್‌ಗೆ ಪ್ಯಾಡ್ ಜೋಡಿಸಿದರೆ ಹೇಗೆ? 15 ಮಿ.ಮೀ. ಯಂತ್ರ ಕೊಂಡು, ಚಿಕ್ಕ ಜಾಗಗಳಿಗೆ ಅದಕ್ಕೇ 75 ಮಿ.ಮೀ. ಪ್ಲೇಟ್ ಹಾಕಿಕೊಳ್ಳಬಹುದೇ?

ಮೆರುಗು

ಅಗಲವಾದ ವ್ಯಾಕ್ಸಿಂಗ್ ಯಂತ್ರ ಮೇಣ ಹಚ್ಚಲು, ಹರಡಲು ಮಾಡಿದ್ದು. ಸ್ವಲ್ಪ ಒತ್ತಿದರೆ ನಿಲ್ಲುತ್ತದೆ. ಗೀರು ತೆಗೆಯುವಷ್ಟು ಕೆಲಸ ಅದರಿಂದಾಗದು. ಡ್ರಿಲ್ ಎಂದರೆ ಹಿಡಿತ ಸರಿಯಿಲ್ಲದ ರೋಟರಿ ಎಂದೇ ತಿಳಿಯಿರಿ. ಪ್ಯಾಡನ್ನು ಚಪ್ಪಟೆಯಾಗಿ ಕೂರಿಸುವುದೇ ಕಷ್ಟ, ಕೈಯ ಭಾರವೆಲ್ಲ ಅಂಚಿಗೆ ಬೀಳುತ್ತದೆ. ಹೆಡ್‌ಲೈಟ್ ಗಾಜಿಗೆ ಬಳಸುವವರಿದ್ದಾರೆ, ಬಾನೆಟ್‌ಗೆ ಬೇಡ.

ಮೂರನೆಯ ಪ್ರಶ್ನೆ ಮುಖ್ಯವಾದದ್ದು. ಡ್ಯುಯಲ್ ಆ್ಯಕ್ಷನ್ ಯಂತ್ರದೊಳಗೆ ಒಂದು ಪ್ರತಿಭಾರ ಇರುತ್ತದೆ. ಕಕ್ಷೆಯಲ್ಲಿ ಸುತ್ತುವ ಪ್ಲೇಟ್ ಮತ್ತು ಪ್ಯಾಡಿನ ತೂಕಕ್ಕೆ ಸರಿಹೊಂದುವಂತೆ ಅದನ್ನು ಅಳೆದು ಕೂರಿಸಿರುತ್ತಾರೆ. 125 ಮಿ.ಮೀ. ಪ್ಲೇಟಿಗೆ ಹೊಂದಿಸಿದ ಯಂತ್ರಕ್ಕೆ ತೀರ ಚಿಕ್ಕ ಅಥವಾ ತೀರ ದೊಡ್ಡ ಪ್ಲೇಟ್ ಹಾಕಿದರೆ ಸಮತೋಲ ತಪ್ಪಿ ಕಂಪನ ಹೆಚ್ಚುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ತಯಾರಕರು ಇಂತಿಂಥ ಅಳತೆಯ ಪ್ಲೇಟ್ ಹಾಕಬಹುದೆಂದು ಹೇಳಿದ್ದರೆ ಮಾತ್ರ ಬದಲಿಸಿ. ಕಿಟಕಿ ಪಕ್ಕದ ಕಂಬದ ಇಕ್ಕಟ್ಟು, ಕನ್ನಡಿಯ ಹಿಂಬದಿ, ಬಂಪರಿನ ಸಂದುಗಳಿಗೆ ಸದ್ಯಕ್ಕೆ ಕೈಯೇ ಸಾಕು. ಅಭ್ಯಾಸವಾದ ಮೇಲೆ 75 ಮಿ.ಮೀ. ಪ್ಲೇಟಿನ ಬೇರೊಂದು ಚಿಕ್ಕ ಯಂತ್ರ ಕೊಳ್ಳಬಹುದು.

ವ್ಯಾಟ್ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಅದು ಮೋಟರ್ ಎಳೆದುಕೊಳ್ಳುವ ವಿದ್ಯುತ್ತಿನ ಲೆಕ್ಕ, ಗೀರು ತೆಗೆಯುವ ಶಕ್ತಿಯ ಲೆಕ್ಕವಲ್ಲ. ಒತ್ತಿದಾಗಲೂ ವೇಗ ಕುಗ್ಗದಂತೆ ಕಾಯುವ ವೇಗನಿಯಂತ್ರಣ ಇದೆಯೇ, ಸ್ವಿಚ್ ಒತ್ತಿದಾಗ ಮೆಲ್ಲಗೆ ಶುರುವಾಗುತ್ತದೆಯೇ, ಪ್ಲೇಟ್ ಮತ್ತು ಮೋಟರಿನ ಕಾರ್ಬನ್ ಬ್ರಷ್‌ಗಳು ಬಿಡಿಯಾಗಿ ಸಿಗುತ್ತವೆಯೇ ಎಂಬುದನ್ನು ನೋಡಿ. ಬ್ಯಾಟರಿ ಯಂತ್ರದಲ್ಲಿ ವೈರಿನ ಕಾಟವಿಲ್ಲ, ಆದರೆ ಭಾರ ಹೆಚ್ಚು, ಇಡೀ ಕಾರಿಗೆ ಒಂದಕ್ಕಿಂತ ಹೆಚ್ಚು ಬ್ಯಾಟರಿ ಬೇಕಾಗುತ್ತದೆ. ವೈರ್ ಇರುವುದನ್ನೇ ಕೊಂಡರೆ, ಕೆಲಸ ಮಾಡುವಾಗ ವೈರನ್ನು ಹೆಗಲ ಮೇಲೆ ಹಾಕಿಕೊಳ್ಳಿ; ಅದು ಬಣ್ಣಕ್ಕೆ ಉಜ್ಜಿ ಹೊಸ ಗೀರು ಎಳೆಯಬಾರದಲ್ಲ.

ಅಳತೆಗೋಲು

ಯಂತ್ರಕ್ಕಿಂತ ಮೊದಲು ಬಣ್ಣದ ದಪ್ಪ ಅಳೆಯುವ ಮೀಟರನ್ನು ಎರವಲು ಪಡೆದಾದರೂ ಒಮ್ಮೆ ಬಳಸಿ ಎಂದು ಕೇಳಿಕೊಳ್ಳುತ್ತೇನೆ. ಉಕ್ಕಿನ ಮೇಲೆ ಅದು ಕಾಂತೀಯ ಪ್ರೇರಣೆಯಿಂದ, ಅಲ್ಯೂಮಿನಿಯಂ ಮೇಲೆ ಎಡ್ಡಿ ವಿದ್ಯುತ್ತಿನಿಂದ ಅಳೆಯುತ್ತದೆ. ಪ್ಲಾಸ್ಟಿಕ್ ಬಂಪರ್ ಮೇಲೆ ಸಾಮಾನ್ಯ ಮೀಟರ್ ಏನನ್ನೂ ತೋರಿಸದು, ಅದಕ್ಕೆ ಶ್ರವಣಾತೀತ ತರಂಗದ ಮೀಟರ್ ಬೇಕು. ಮೀಟರ್ ತೋರಿಸುವುದು ಎಲ್ಲ ಪದರಗಳ ಒಟ್ಟು ದಪ್ಪವನ್ನೇ ಹೊರತು ಕ್ಲಿಯರ್ ಕೋಟ್‌ನ ದಪ್ಪವನ್ನಲ್ಲ ಎಂಬುದನ್ನು ಮರೆಯಬೇಡಿ. ಆದರೂ ಅದರಿಂದ ತಿಳಿಯುವುದು ಬಹಳ. ಇಡೀ ಕಾರು 110, 120 ಮೈಕ್ರಾನ್ ಎನ್ನುತ್ತಿರುವಾಗ ಒಂದು ಬಾಗಿಲು ಮಾತ್ರ 250 ಎಂದರೆ ಅಲ್ಲಿ ಮರುಬಣ್ಣ ಬಳಿದಿದ್ದಾರೆ. ಆ ಬಣ್ಣದ ಗುಣವೇ ಬೇರೆ, ಹೆಚ್ಚಾಗಿ ಮೃದು. ಒಂದು ಕಡೆ ಮಾತ್ರ 80 ಎಂದರೆ ಯಾರೋ ಈಗಾಗಲೇ ಚೆನ್ನಾಗಿ ಸವೆಸಿರಬಹುದು. ಅಲ್ಲಿ ಕೈ ಹಗುರವಾಗಿರಲಿ, ಗೀರು ಉಳಿದರೂ ಉಳಿಯಲಿ.

ಬಾಗಿಲಿನ ಉದ್ದಕ್ಕೆ ಎದ್ದಿರುವ ಚೂಪು ಗೆರೆಗಳು, ಬಾನೆಟ್ಟಿನ ತುದಿ, ಫೆಂಡರಿನ ಅಂಚು ಇವುಗಳ ಮೇಲೆ ಬಣ್ಣ ಸಹಜವಾಗಿಯೇ ತೆಳುವಾಗಿರುತ್ತದೆ. ಅಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ. ಕಪ್ಪು ಪ್ಲಾಸ್ಟಿಕ್ ಟ್ರಿಮ್‌ಗೂ ಟೇಪ್ ಬೇಕು. ಅದರ ಒರಟು ಮೈಯಲ್ಲಿ ಪಾಲಿಶ್ ಒಣಗಿ ಬಿಳಿಯಾದರೆ ತೆಗೆಯಲು ಹರಸಾಹಸ ಪಡಬೇಕಾಗುತ್ತದೆ. ಮ್ಯಾಟ್ ಬಣ್ಣವನ್ನಂತೂ ಪಾಲಿಶ್ ಮಾಡಲೇಬಾರದು.

ನುಣುಪು

ಯಂತ್ರದ ಬಗ್ಗೆ ಹಿರಿಯರು ಹೇಳಿದ್ದಾರೆ. ನನ್ನ ಮಾತು ಪ್ಯಾಡ್ ಮತ್ತು ಪಾಲಿಶಿನದು, ಏಕೆಂದರೆ ಬಣ್ಣವನ್ನು ಮುಟ್ಟುವುದು ಅವೇ. ಒಂದೇ ಯಂತ್ರಕ್ಕೆ ಮೈಕ್ರೋಫೈಬರ್ ಪ್ಯಾಡ್ ಮತ್ತು ಕಾಂಪೌಂಡ್ (ಹೆಚ್ಚು ಕೊರೆಯುವ ಒರಟು ಪಾಲಿಶ್) ಹಾಕಿದರೆ ಆಳದ ಗೀರುಗಳನ್ನು ಕೊರೆಯುತ್ತದೆ. ಅದಕ್ಕೇ ಮೆತ್ತನೆಯ ಫೋಮ್ ಪ್ಯಾಡ್ ಮತ್ತು ಸೂಕ್ಷ್ಮ ಪಾಲಿಶ್ ಹಾಕಿದರೆ ಬರೀ ಮೆರುಗು ಕೊಡುತ್ತದೆ. ನಾಲ್ಕೈದು ಫೋಮ್ ಪ್ಯಾಡ್‌ಗಳಾದರೂ ಇಲ್ಲದೆ ಕಾರು ಶುರು ಮಾಡಬೇಡಿ. ಸವೆದ ಕ್ಲಿಯರ್ ಕೋಟ್ ಮತ್ತು ಒಣಗಿದ ಪಾಲಿಶ್ ತುಂಬಿಕೊಂಡ ಪ್ಯಾಡ್ ಗೀರು ತೆಗೆಯುವುದನ್ನು ಬಿಟ್ಟು ಗೀರು ಹಾಕತೊಡಗುತ್ತದೆ. ಪ್ರತಿ ಪ್ಯಾನಲ್ ಮುಗಿದ ಮೇಲೆ ಮೆದು ಬ್ರಷ್‌ನಿಂದ ಉಜ್ಜಿ ಸ್ವಚ್ಛಮಾಡಿ, ಒದ್ದೆಯಾದರೆ ಬದಲಿಸಿ. ಪ್ಯಾಡಿನ ಬಣ್ಣ ನೋಡಿ ಮೆದುವೋ ಗಟ್ಟಿಯೋ ಎಂದು ತೀರ್ಮಾನಿಸಬೇಡಿ. ಒಬ್ಬ ತಯಾರಕರ ಹಳದಿ ಇನ್ನೊಬ್ಬರ ಹಳದಿಯಂತಿರುವುದಿಲ್ಲ. ದಪ್ಪ ಪ್ಯಾಡ್‌ಗಿಂತ ತೆಳು ಪ್ಯಾಡ್ ಯಂತ್ರದ ಚಲನೆಯನ್ನು ಬಣ್ಣಕ್ಕೆ ಚೆನ್ನಾಗಿ ತಲುಪಿಸುತ್ತದೆ, ತಿರುಗುವಿಕೆಯೂ ಸುಲಭ.

ಕಾರನ್ನು ಚೆನ್ನಾಗಿ ತೊಳೆದು, ಕಬ್ಬಿಣದ ಕಣ ಕರಗಿಸುವ ದ್ರಾವಣ ಹಾಕಿ, ಅಂಟಿದ ಕೊಳೆ ಎತ್ತುವ ಜೇಡಿಯಂಥ ಮುದ್ದೆ (ಕ್ಲೇ) ಎಳೆದು, ಒಣಗಿಸಿದ ನಂತರ ನೆರಳಿನಲ್ಲಿ, ತಣ್ಣಗಿನ ಬಣ್ಣದ ಮೇಲೆ ಕೆಲಸ ಶುರುಮಾಡಿ. ಬಾನೆಟ್ ಮೇಲೆ ಸುಮಾರು 40 ಸೆಂ.ಮೀ. ಚೌಕ ಗುರುತಿಸಿ. ಪ್ಯಾಡಿನ ಮುಖಕ್ಕೆಲ್ಲ ಪಾಲಿಶ್ ತೆಳುವಾಗಿ ಸವರಿ, ಮೇಲೆ ಬಟಾಣಿ ಗಾತ್ರದ ಮೂರು ನಾಲ್ಕು ಹನಿ ಇಡಿ. ಪ್ಯಾಡನ್ನು ಬಣ್ಣದ ಮೇಲಿಟ್ಟ ಬಳಿಕವೇ ಸ್ವಿಚ್ ಒತ್ತಿ, ಸ್ವಿಚ್ ಆರಿಸಿದ ಬಳಿಕವೇ ಎತ್ತಿ. ಇಲ್ಲದಿದ್ದರೆ ಪಾಲಿಶ್ ಗೋಡೆಗೆಲ್ಲ ಸಿಡಿಯುತ್ತದೆ. ಕಡಿಮೆ ವೇಗದಲ್ಲಿ ಹರಡಿ, ನಂತರ ಯಂತ್ರದ ವೇಗದ ಗುಂಡಿಯನ್ನು 4 ಅಥವಾ 5ಕ್ಕೆ ಏರಿಸಿ, ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರಿನಷ್ಟೇ ಸರಿಯುತ್ತಾ, ಒಂದು ಸಾಲು ಇನ್ನೊಂದರ ಅರ್ಧ ಮುಚ್ಚುವಂತೆ, ಮೊದಲು ಅಡ್ಡಲಾಗಿ, ಆಮೇಲೆ ಉದ್ದುದ್ದವಾಗಿ ನಾಲ್ಕರಿಂದ ಆರು ಸುತ್ತು ಹೋಗಿ. ಹೊಸಬರಲ್ಲಿ ಹೆಚ್ಚಿನವರು ಸರಸರ ಕೈ ಆಡಿಸುತ್ತಾರೆ. ಆಗ ಪಾಲಿಶಿನಲ್ಲಿರುವ ಕಣಗಳಿಗೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ.

ಒರೆಸಿದ ಮೇಲೆ, ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಪ್ಯಾನಲ್ ವೈಪ್ (ಎಣ್ಣೆಯ ಅಂಶ ತೆಗೆಯುವ ದ್ರಾವಣ) ಸಿಂಪಡಿಸಿ ಮತ್ತೊಮ್ಮೆ ಒರೆಸಿ ನೋಡಿ. ಕೆಲವು ಪಾಲಿಶ್‌ಗಳಲ್ಲಿ ಗೀರನ್ನು ತಾತ್ಕಾಲಿಕವಾಗಿ ಮರೆಮಾಚುವ ಎಣ್ಣೆಯ ಅಂಶ ಇರುತ್ತದೆ. ಅದು ಹೋದ ಮೇಲೆ ಕಾಣುವುದೇ ನಿಜವಾದ ಫಲ. ಮೊದಲ ಪರೀಕ್ಷೆಯನ್ನು ಮೆತ್ತನೆಯ ಪ್ಯಾಡ್, ಸೂಕ್ಷ್ಮ ಪಾಲಿಶಿನಿಂದಲೇ ಮಾಡಿ. ಸಾಲದಿದ್ದರೆ ಮೊದಲು ಪ್ಯಾಡನ್ನು ಒಂದು ಹಂತ ಗಟ್ಟಿ ಮಾಡಿ. ಅದೂ ಸಾಲದಿದ್ದರೆ ಪಾಲಿಶ್ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯದು.

ಕಡುಗಪ್ಪು

15 ಮಿ.ಮೀ. ಥ್ರೋ, 125 ಮಿ.ಮೀ. ಪ್ಲೇಟ್ ಇರುವ ಯಂತ್ರವನ್ನೇ ಕೊಂಡೆ. ಪ್ಲೇಟಿಗೆ ಗೆರೆ ಎಳೆದುಕೊಂಡದ್ದು ಎಷ್ಟು ಉಪಯೋಗವಾಯಿತೆಂದು ಹೇಳಲಾರೆ. ಬಾನೆಟ್ ನಡುವಿನಲ್ಲಿ ಸಲೀಸಾಗಿ ಸುತ್ತುತ್ತಿದ್ದ ಗೆರೆ, ಹೆಡ್‌ಲೈಟ್ ಕಡೆಗೆ ಇಳಿಯುವ ತಿರುವಿನಲ್ಲಿ ಗಕ್ಕನೆ ನಿಲ್ಲುತ್ತಿತ್ತು, ಯಂತ್ರದ ಮುಂಭಾಗವನ್ನು ಒಂದಿಷ್ಟು ಎತ್ತಿದರೆ ಮತ್ತೆ ಸುತ್ತುತ್ತಿತ್ತು. ಪರೀಕ್ಷೆಯ ಚೌಕದಲ್ಲಿ ಮೆತ್ತನೆಯ ಪ್ಯಾಡಿನಿಂದ ಅರ್ಧದಷ್ಟು ಗೀರು ಹೋದವು. ಒಂದು ಹಂತ ಗಟ್ಟಿಯಾದ ಪ್ಯಾಡಿನಿಂದ ಬಹುತೇಕ ಎಲ್ಲವೂ ಹೋದವು. ಆದರೆ ಟಾರ್ಚ್ ಹಿಡಿದರೆ ಬೆಳಕಿನ ಸುತ್ತ ತೆಳುವಾದ ಬೂದು ಮಬ್ಬು ಕಾಣುತ್ತಿದೆ. ಕಪ್ಪಿನ ಆಳ ಕಡಿಮೆಯಾದಂತಿದೆ. ಇದು ಯಂತ್ರದ ದೋಷವೇ? 8 ಮಿ.ಮೀ. ತೆಗೆದುಕೊಳ್ಳಬೇಕಿತ್ತೇ?

ನುಣುಪು

ಯಂತ್ರದ ದೋಷವಲ್ಲ, ಚಿಂತೆ ಬೇಡ. ಮೃದುವಾದ ಕಪ್ಪು ಕ್ಲಿಯರ್ ಕೋಟ್ ಮೇಲೆ ಇದು ಸಾಮಾನ್ಯ. ಗಟ್ಟಿ ಪ್ಯಾಡ್ ದೊಡ್ಡ ಗೀರುಗಳನ್ನು ತೆಗೆಯುವಾಗ ತನ್ನದೇ ಅತಿಸೂಕ್ಷ್ಮ ಗೀರುಗಳನ್ನು ಬಿಟ್ಟಿರುತ್ತದೆ. ಬಿಳಿ ಅಥವಾ ಬೆಳ್ಳಿ ಬಣ್ಣದ ಕಾರಿನಲ್ಲಿ ಕಣ್ಣಿಗೇ ಬೀಳದ ಇದು ಕಪ್ಪಿನಲ್ಲಿ ಎದ್ದು ಕಾಣುತ್ತದೆ. ಮೊದಲು ಆ ಗುರುತು ಯಾವ ಬಗೆಯದೆಂದು ಹತ್ತಿರದಿಂದ ನೋಡಿ. ದೀಪ ಎಲ್ಲಿ ಹಿಡಿದರೂ ಸಮನಾಗಿ ಹರಡಿದ ಮಬ್ಬು ಎಂದರೆ ಪ್ಯಾಡಿನದು. ನೀವು ಒರೆಸಿದ ದಿಕ್ಕಿನಲ್ಲೇ ನೇರ ಎಳೆಗಳಿದ್ದರೆ ಬಟ್ಟೆಯದು. ಅಲ್ಲಲ್ಲಿ ಸುರುಳಿಯಾದ ಒಂಟಿ ಗೀರು ಇದ್ದರೆ ಪ್ಯಾಡಿನ ಕೆಳಗೆ ಒಂದು ಕಣ ಸಿಕ್ಕಿಕೊಂಡಿತ್ತು ಎಂದರ್ಥ.

ಮಬ್ಬೇ ಆಗಿದ್ದರೆ ಅತಿ ಮೆತ್ತನೆಯ ಫಿನಿಶಿಂಗ್ ಫೋಮ್, ಅತಿ ಸೂಕ್ಷ್ಮ ಪಾಲಿಶ್ ತೆಗೆದುಕೊಳ್ಳಿ. ವೇಗವನ್ನು 3ಕ್ಕೆ ಇಳಿಸಿ, ಕೊನೆಯ ಎರಡು ಸುತ್ತುಗಳನ್ನು ಯಂತ್ರದ ಸ್ವಂತ ಭಾರ ಬಿಟ್ಟು ಬೇರೆ ಒತ್ತಡವಿಲ್ಲದೆ ಮಾಡಿ. ಪ್ಯಾಡ್ ಹೊಸದಾಗಿರಲಿ, ಇಲ್ಲವೇ ತೊಳೆದು ಪೂರ್ತಿ ಒಣಗಿಸಿದ್ದಾಗಿರಲಿ. ಒರೆಸಲು ಉದ್ದ ಎಳೆಯ ಮೈಕ್ರೋಫೈಬರ್ ಬಟ್ಟೆಯನ್ನು ನಾಲ್ಕಾಗಿ ಮಡಚಿ, ಪ್ರತಿ ಸಲ ಹೊಸ ಮಗ್ಗುಲಿನಿಂದ, ಒತ್ತದೆ ಒರೆಸಿ. ಒಣಗಿ ಅಂಟಿದ ಪಾಲಿಶ್ ಇದ್ದರೆ ಒಣಬಟ್ಟೆಯಿಂದ ಉಜ್ಜದೆ ಪ್ಯಾನಲ್ ವೈಪ್ ಸಿಂಪಡಿಸಿ ಒಂದು ಕ್ಷಣ ಬಿಡಿ.

ತಿರುಗಣಿ

ನುಣುಪು ಅವರು ಹೇಳಿದ್ದಕ್ಕೆ ಒಂದೇ ಮಾತು ಸೇರಿಸುತ್ತೇನೆ. ಗಟ್ಟಿ ಪ್ಯಾಡಿನಿಂದ ಇಡೀ ಕಾರು ಮಾಡಬೇಡಿ. ಮೆತ್ತನೆಯ ಪ್ಯಾಡಿನಿಂದಲೇ ಅರ್ಧ ಗೀರು ಹೋಗಿದೆ ಎಂದಿರಿ. ಅದೇ ಪ್ಯಾಡಿನಿಂದ ಇನ್ನೊಮ್ಮೆ, ಇನ್ನೂ ನಿಧಾನವಾಗಿ ಹೋದರೆ ಮುಕ್ಕಾಲು ಪಾಲು ಹೋಗಬಹುದು. ಉಳಿದ ಕಾಲು ಭಾಗಕ್ಕಾಗಿ ಎಲ್ಲ ಪ್ಯಾನಲ್‌ಗಳ ಮೇಲೂ ಹೆಚ್ಚಿನ ಕ್ಲಿಯರ್ ಕೋಟ್ ಸವೆಸುವುದು ದಿನನಿತ್ಯ ಓಡಿಸುವ ಕಾರಿಗೆ ಲಾಭದ ಬಾಬತ್ತಲ್ಲ. ಕಣ್ಣಿಗೆ ನೇರವಾಗಿ ಬೀಳುವ ಬಾನೆಟ್, ಡಿಕ್ಕಿಗೆ ಬೇಕಿದ್ದರೆ ಎರಡು ಹಂತ ಮಾಡಿ. ಬಾಗಿಲಿನ ಕೆಳಭಾಗಕ್ಕೆ ಒಂದು ಹಂತ ಧಾರಾಳವಾಗಿ ಸಾಕು.

ಕಡುಗಪ್ಪು

ಮೆತ್ತನೆಯ ಪ್ಯಾಡಿನಿಂದ, 3ರ ವೇಗದಲ್ಲಿ, ಒತ್ತಡವಿಲ್ಲದೆ ಮಾಡಿದ ಮೇಲೆ ಬಾನೆಟ್ಟಿನ ಮಬ್ಬು ಪೂರ್ತಿ ಹೋಯಿತು. ಬಾಗಿಲುಗಳನ್ನು ತಿರುಗಣಿ ಅವರು ಹೇಳಿದಂತೆ ಒಂದೇ ಹಂತದಲ್ಲಿ ಮುಗಿಸಿದೆ. ಟಾರ್ಚ್ ಹಿಡಿದು ಹುಡುಕಿದರೆ ಅಲ್ಲಲ್ಲಿ ಗೀರುಗಳಿವೆ, ಬಿಸಿಲಿನಲ್ಲಿ ಕಾಣುವುದಿಲ್ಲ. ಬಲಗಡೆಯ ಹಿಂಬಾಗಿಲು ಉಳಿದವುಗಳಿಗಿಂತ ಬೇಗ ಮಬ್ಬಾಗುತ್ತಿದೆ. ಅಳತೆಗೋಲು ಅವರ ಮಾತು ನೆನಪಾಗಿ ಅದನ್ನು ಅಲ್ಲಿಗೇ ನಿಲ್ಲಿಸಿದ್ದೇನೆ. ಮೀಟರ್ ಸಿಕ್ಕ ಮೇಲೆ ಅಳೆದು ಮುಂದುವರಿಸುತ್ತೇನೆ.

ಅಳತೆಗೋಲು

ನಿಲ್ಲಿಸಿದ್ದು ಸರಿಯಾಯಿತು. ಅಳೆಯುವಾಗ ಆ ಬಾಗಿಲಿನ ಮೇಲೆ, ನಡುವೆ, ಕೆಳಗೆ ಹೀಗೆ ಹಲವು ಕಡೆ ನೋಡಿ. ಎಡಗಡೆಯ ಅದೇ ಬಾಗಿಲಿನ ಅದೇ ಜಾಗಗಳ ಅಂಕಿಯ ಜೊತೆ ಹೋಲಿಸಿ. ಬಾಗಿಲು ತೆರೆದು ಒಳ ಅಂಚಿನಲ್ಲಿಯೂ ಅಳೆಯಿರಿ. ಅಲ್ಲಿ ಯಾರೂ ಪಾಲಿಶ್ ಮಾಡಿರುವುದಿಲ್ಲವಾದರೂ, ಕಾರ್ಖಾನೆಯಲ್ಲೇ ಆ ಭಾಗಕ್ಕೆ ಬಣ್ಣ ತೆಳುವಾಗಿ ಬಳಿಯುವುದರಿಂದ ಅಂಕಿ ಕಡಿಮೆಯೇ ಬರುತ್ತದೆ; ಅದನ್ನು ಕಂಡು ಗಾಬರಿಯಾಗಬೇಡಿ. ಎರಡೂ ಬಾಗಿಲುಗಳ ಹೊರಮೈ ಅಂಕಿಗಳನ್ನು ಇಲ್ಲಿ ಬರೆದರೆ ಮುಂದಿನ ಪ್ಯಾಡ್ ಯಾವುದೆಂದು ಹೇಳಬಹುದು.